ಮಗುವಿಗೆ ಕಾಯುವುದನ್ನು ಕಲಿಸುವುದು ಹೇಗೆ?

ನಾಲ್ಕು ವರ್ಷದ ಮಗು ‘ಈಗಲೇ ಬೇಕು’ ಎಂದು ಹಟ ಹಿಡಿದರೆ ತಾಳ್ಮೆ ಇಲ್ಲ ಎಂದುಬಿಡುತ್ತೇವೆ. ಎಷ್ಟೋ ಸಲ ಇಲ್ಲದಿರುವುದು ತಾಳ್ಮೆಯಲ್ಲ, ಕಾದರೆ ಸಿಗುತ್ತದೆ ಎಂಬ ನಂಬಿಕೆ.

ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು 28 ಮಕ್ಕಳ ಮೇಲೆ ನಡೆಸಿದ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಚಿತ್ರ ಬರೆಯಲು ಇನ್ನೂ ಚೆಂದದ ಸಾಮಾನು ತರುತ್ತೇವೆಂದು ಎಲ್ಲ ಮಕ್ಕಳಿಗೂ ಹೇಳಿದರು. ಅರ್ಧದಷ್ಟು ಮಕ್ಕಳಿಗೆ ತಂದುಕೊಟ್ಟರು, ಉಳಿದವರ ಬಳಿ ಬರಿಗೈಯಲ್ಲಿ ಬಂದರು. ಆಮೇಲೆ, 15 ನಿಮಿಷ ಕಾದರೆ ಒಂದರ ಬದಲು ಎರಡು ಸಿಹಿ ಎಂದಾಗ ಮೊದಲ ಗುಂಪು ಸರಾಸರಿ 12 ನಿಮಿಷ ಕಾಯಿತು, ಎರಡನೆಯದು 3 ನಿಮಿಷ. ಮೋಸಹೋದ ಮಗು ಸಿಕ್ಕಿದ್ದನ್ನು ಬೇಗ ಬಾಚಿಕೊಂಡಿದ್ದು ದಡ್ಡತನವಲ್ಲ, ಸರಿಯಾದ ಲೆಕ್ಕಾಚಾರ.

ಈ ಲೆಕ್ಕ ಕಲಿಯುವುದರಲ್ಲಿ, ಡೋಪಮೈನ್ ಎಂಬ ರಾಸಾಯನಿಕ ಬಿಡುವ ಮಿದುಳಿನ ನರಕೋಶಗಳ ಪಾತ್ರ ದೊಡ್ಡದು. ನಿರೀಕ್ಷೆಗಿಂತ ಹೆಚ್ಚು ಸಿಕ್ಕರೆ ಅವು ಚುರುಕಾಗುತ್ತವೆ, ಬರಬೇಕಾದದ್ದು ಬಾರದಿದ್ದರೆ ಮಂಕಾಗುತ್ತವೆ. ಅನುಭವ ಮರುಕಳಿಸಿದಷ್ಟೂ ಲೆಕ್ಕ ಗಟ್ಟಿಯಾಗುತ್ತದೆ.

ಹಾಗಾಗಿ ಮೊದಲು ಚಿಕ್ಕ ಮಾತು ಕೊಡಿ: ‘ಎರಡು ನಿಮಿಷ ಆದಮೇಲೆ ಚೆಂಡು ಕೊಡ್ತೀನಿ.’ ‘ಆಮೇಲೆ ನೋಡೋಣ’ ಬೇಡ. ಆ ‘ಆಮೇಲೆ’ ಯಾವಾಗ ಎಂದು ಮಗುವಿಗೆ ತಿಳಿಯದು. ಮರಳು ಗಡಿಯಾರ ಎದುರಿಗಿಡಿ, ಸಮಯ ಕಣ್ಣಿಗೆ ಕಾಣಲಿ. ಕಾಯುವಾಗ ಚೆಂಡು ಮಾತ್ರ ಕಣ್ಣಿಗೆ ಬೀಳದಂತಿರಲಿ, ಕೈಗೆ ಬೇರೆ ಆಟ ಕೊಡಿ. ಮರಳು ಮುಗಿದ ಕೂಡಲೇ, ಮಗು ಕೇಳುವ ಮೊದಲೇ, ಚೆಂಡು ಕೈಗಿಡಿ. ಕೆಲವು ದಿನ ಸಲೀಸಾಗಿ ನಡೆದರೆ ಮೂರು ನಿಮಿಷ, ಆಮೇಲೆ ಐದು.

ಹೆಚ್ಚಾಗಿ ಕೆಡುವುದು ಎರಡು ಕಡೆ. ಮಗು ಸುಮ್ಮನೆ ಕಾಯುತ್ತಿದೆಯೆಂದು ‘ಇನ್ನೊಂದು ಐದು ನಿಮಿಷ’ ಸೇರಿಸುವುದು ಒಂದು. ಚೆನ್ನಾಗಿ ಕಾದದ್ದಕ್ಕೇ ಶಿಕ್ಷೆ ಕೊಟ್ಟಂತಾಯಿತು. ಅತ್ತಾಗ ನಡುವೆಯೇ ಕೊಟ್ಟುಬಿಡುವುದು ಇನ್ನೊಂದು. ಆಗ ಮಗು ಕಲಿಯುವುದು ಅಳುವುದನ್ನು. ಪದೇ ಪದೇ ಅಳುತ್ತಿದ್ದರೆ ಅವಧಿ ಉದ್ದವಾಯಿತೆಂದೇ ಅರ್ಥ, ಮುಂದಿನ ಸಲ ಅರ್ಧಕ್ಕಿಳಿಸಿ.

ಕೊಟ್ಟ ಮಾತು ನಡೆಸಲಾಗದ ದಿನವೂ ಬರುತ್ತದೆ. ಸಮಯ ಮುಗಿಯುವ ಮೊದಲೇ ಕಾರಣ ಹೇಳಿ, ಬದಲಿಗೆ ಏನು, ಯಾವಾಗ ಎಂದು ತಿಳಿಸಿ, ಅದನ್ನಂತೂ ತಪ್ಪಿಸಬೇಡಿ.

ಮನೆಯಿಂದ ಮನೆಗೆ ಬದಲಾದ, ಊಟ-ಆರೈಕೆಯ ಖಾತ್ರಿಯಿಲ್ಲದೆ ಬೆಳೆದ ಮಗುವಾದರೆ 20–30 ಸೆಕೆಂಡಿನಿಂದ ಶುರುಮಾಡಿ. ಊಟ, ಅಪ್ಪುಗೆಯನ್ನು ಈ ಅಭ್ಯಾಸಕ್ಕೆ ಎಳೆಯಲೇಬೇಡಿ. ಅವು ಕಾಯದೆಯೇ ಸಿಗಬೇಕು.