ಡ್ರಾಫ್ಟ್‌ನಲ್ಲಿ ಬಂದ ಹೊಸ ಹುಡುಗರನ್ನು ಅಳೆಯುವುದು ಹೇಗೆ?

ಏಪ್ರಿಲ್ ಕೊನೆಗೆ ಅಮೆರಿಕದಲ್ಲಿ ಎನ್‌ಎಫ್‌ಎಲ್ ಡ್ರಾಫ್ಟ್, ಅಂದರೆ ಅಮೆರಿಕನ್ ಫುಟ್‌ಬಾಲ್ ಲೀಗ್‌ನ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕಾರ್ಯಕ್ರಮ, ನಡೆಯುತ್ತದೆ. ಮೂರು ದಿನ, ಏಳು ಸುತ್ತು, 32 ತಂಡ, 250ಕ್ಕೂ ಹೆಚ್ಚು ಕಾಲೇಜು ಆಟಗಾರರು. ಐಪಿಎಲ್ ಹರಾಜು ನೋಡಿದವರಿಗೆ ಇದು ತಿರುವುಮುರುವಾಗಿ ಕಾಣಬಹುದು. ಇಲ್ಲಿ ದುಡ್ಡು ಕೂಗುವಂತಿಲ್ಲ, ಸರತಿ ಪ್ರಕಾರ ಹೆಸರು ಹೇಳಬೇಕು. ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಮೊದಲ ಸರತಿ, ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದವರಿಗೆ ಕೊನೆಯದು. ಶನಿವಾರ ಡ್ರಾಫ್ಟ್ ಮುಗಿದರೆ ಸೋಮವಾರದ ಹೊತ್ತಿಗೆ ಪ್ರತಿ ತಂಡಕ್ಕೂ ಎ, ಬಿ, ಸಿ ಎಂದು ಗ್ರೇಡ್ ಬಿದ್ದಿರುತ್ತದೆ.

ಆ ಗ್ರೇಡುಗಳನ್ನು ಓದಿ, ಮಜಾ ಇರುತ್ತದೆ. ನಂಬುವ ಮೊದಲು 2012ರ ಸಿಯಾಟಲ್ ಸೀಹಾಕ್ಸ್ ಅನ್ನು ನೆನಪಿಸಿಕೊಳ್ಳಿ. ಆ ವರ್ಷದ ಅವರ ಡ್ರಾಫ್ಟ್‌ಗೆ ಹಲವು ಪಂಡಿತರು ಕಳಪೆ ಗ್ರೇಡ್ ಕೊಟ್ಟಿದ್ದರು. ಎರಡನೇ ಸುತ್ತಿನಲ್ಲಿ ಬಂದವರು ಲೈನ್‌ಬ್ಯಾಕರ್ (ರಕ್ಷಣೆಯ ನಡುಸಾಲಿನ ಆಟಗಾರ) ಬಾಬಿ ವ್ಯಾಗ್ನರ್, ಮೂರನೆಯದರಲ್ಲಿ ಆರಡಿಯೂ ಇಲ್ಲದ ಕ್ವಾರ್ಟರ್‌ಬ್ಯಾಕ್ (ದಾಳಿ ನಡೆಸುತ್ತ ಚೆಂಡು ಎಸೆಯುವವನು) ರಸೆಲ್ ವಿಲ್ಸನ್. ಅವರ ಎರಡನೇ ಸೀಸನ್ ಮುಗಿಯುವಷ್ಟರಲ್ಲಿ ಸೀಹಾಕ್ಸ್ ತಂಡ ಡೆನ್ವರ್ ಬ್ರಾಂಕೋಸ್ ಅನ್ನು 43–8ರಲ್ಲಿ ಬಗ್ಗುಬಡಿದು ಸೂಪರ್ ಬೌಲ್ ಗೆದ್ದಿತ್ತು.

ಹಾಗಾದರೆ ನಮ್ಮ ತಂಡಕ್ಕೆ ಬಂದ ಹುಡುಗರನ್ನು ನಾವೇ ಅಳೆಯುವುದು ಹೇಗೆ? ಉದಾಹರಣೆಗೆ ಸ್ಯಾನ್ ಫ್ರಾನ್ಸಿಸ್ಕೊ ಫೋರ್ಟಿನೈನರ್ಸ್ ತಂಡದ 2021ರ ಡ್ರಾಫ್ಟ್ ಅನ್ನು ತೆಗೆದುಕೊಳ್ಳೋಣ. ಸನ್ನಿವೇಲ್, ಸ್ಯಾಂಟಾ ಕ್ಲಾರಾ ಕಡೆ ಮನೆ ಮಾಡಿರುವ ಕನ್ನಡಿಗರಿಗೆ ಇದು ಊರಿನ ತಂಡ. ಪಂದ್ಯ ನೋಡದವರಿಗೂ ಲೀವೈಸ್ ಸ್ಟೇಡಿಯಂ ಸುತ್ತಲಿನ ಭಾನುವಾರದ ಟ್ರಾಫಿಕ್ ಗೊತ್ತಿರುತ್ತದೆ. ಆ ವರ್ಷ ತಂಡಕ್ಕೆ ಬಂದವರು ಎಂಟು ಜನ. ಅಂದಾಜು ತಪ್ಪುವ ಬಗೆಗಳೆಲ್ಲ ಆ ಎಂಟರಲ್ಲೇ ಸಿಗುತ್ತವೆ.

ಮೊದಲು ಬೆಲೆ ನೋಡಿ

ಹುಡುಗ ಎಷ್ಟು ಚೆನ್ನಾಗಿ ಆಡುತ್ತಾನೆ ಎನ್ನುವುದಕ್ಕೆ ಮೊದಲು, ಅವನಿಗಾಗಿ ತಂಡ ಏನು ಕೊಟ್ಟಿತು ಎಂದು ನೋಡಬೇಕು. 2021ರಲ್ಲಿ ಫೋರ್ಟಿನೈನರ್ಸ್ ಕೈಯಲ್ಲಿದ್ದುದು 12ನೇ ಆಯ್ಕೆ, ಅಂದರೆ 12ನೇ ಸರತಿ. 3ನೇ ಸ್ಥಾನಕ್ಕೆ ಏರಲು ಅವರು ಆ 12ನೆಯದರ ಜೊತೆಗೆ 2022 ಮತ್ತು 2023ರ ಮೊದಲ ಸುತ್ತಿನ ಆಯ್ಕೆಗಳನ್ನೂ ಒಂದು ಮೂರನೇ ಸುತ್ತಿನ ಆಯ್ಕೆಯನ್ನೂ ಮಯಾಮಿ ಡಾಲ್ಫಿನ್ಸ್‌ಗೆ ಬಿಟ್ಟುಕೊಟ್ಟರು. ಅಷ್ಟು ಕೊಟ್ಟು ತಂದದ್ದು ಕ್ವಾರ್ಟರ್‌ಬ್ಯಾಕ್ ಟ್ರೇ ಲ್ಯಾನ್ಸ್ ಅವರನ್ನು. ಇಷ್ಟು ಬೆಲೆ ತೆತ್ತ ಮೇಲೆ ‘ಪರವಾಗಿಲ್ಲ, ಆಡುತ್ತಾನೆ’ ಅನ್ನುವ ಆಟಗಾರ ಸಿಕ್ಕರೂ ಅದು ನಷ್ಟವೇ. ಅದೇ ಆರನೇ ಸುತ್ತಿನಲ್ಲಿ ಬಂದವನು ‘ಪರವಾಗಿಲ್ಲ’ ಅನ್ನಿಸಿಕೊಂಡರೆ ತಂಡಕ್ಕೆ ಹಬ್ಬ.

ಆಯ್ಕೆಗಳ ಬೆಲೆ ಲೆಕ್ಕ ಹಾಕಲು ಒಂದು ಹಳೆಯ ಕೋಷ್ಟಕವಿದೆ. 1990ರ ದಶಕದ ಆರಂಭದಲ್ಲಿ ಡಲ್ಲಾಸ್ ಕೌಬಾಯ್ಸ್ ಕೋಚ್ ಆಗಿದ್ದ ಜಿಮ್ಮಿ ಜಾನ್ಸನ್ ಹೆಸರಿನಲ್ಲಿ ಅದು ಪ್ರಸಿದ್ಧ. ಅದರಲ್ಲಿ ಮೊದಲ ಆಯ್ಕೆಗೆ 3,000 ಅಂಕ, 32ನೆಯದಕ್ಕೆ 590. ಈ ಇಳಿಜಾರು ವಿಪರೀತ ಕಡಿದು ಎನ್ನುವುದು ಅರ್ಥಶಾಸ್ತ್ರಜ್ಞರಾದ ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ವಾದ. ಒಂದೇ ಸ್ಥಾನಕ್ಕೆ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನು, ಅವನ ನಂತರ ಆಯ್ಕೆಯಾದವನಿಗಿಂತ ಮೇಲಾಗಿ ಹೊರಹೊಮ್ಮುವುದು ನೂರಕ್ಕೆ 52 ಸಲ ಮಾತ್ರ ಎಂದು ಅವರು ತೋರಿಸಿದರು. ನಾಣ್ಯ ಚಿಮ್ಮಿದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಇದು ಗೊತ್ತಿದ್ದೂ ಪ್ರತಿ ವರ್ಷ ಯಾವುದಾದರೂ ತಂಡ ಮೂರು ಆಯ್ಕೆ ಸುರಿದು ಒಬ್ಬನನ್ನು ಹಿಡಿದು ತರುತ್ತದೆ.

ದುಡ್ಡಿನ ಲೆಕ್ಕವೂ ಇದೆ. 2010ರಲ್ಲಿ ಮೊದಲ ಆಯ್ಕೆಯಾದ ಸ್ಯಾಮ್ ಬ್ರಾಡ್‌ಫರ್ಡ್ ಅವರಿಗೆ 5 ಕೋಟಿ ಡಾಲರ್ ಖಾತರಿ ಹಣ ಸಿಕ್ಕಿತ್ತು. 2011ರಲ್ಲಿ ಹೊಸಬರ ಸಂಬಳಕ್ಕೆ ಮಿತಿ ಬಂತು. ಆ ವರ್ಷದ ಮೊದಲ ಆಯ್ಕೆ ಕ್ಯಾಮ್ ನ್ಯೂಟನ್ ಅವರ ನಾಲ್ಕು ವರ್ಷದ ಇಡೀ ಒಪ್ಪಂದವೇ ಸುಮಾರು 2.2 ಕೋಟಿ ಡಾಲರ್. ಅಂದಿನಿಂದ ಚೆನ್ನಾಗಿ ಆಡುವ ಹೊಸಬನಷ್ಟು ಅಗ್ಗದ ಸರಕು ಈ ಲೀಗ್‌ನಲ್ಲಿ ಬೇರೆ ಇಲ್ಲ.

ಯಾವ ಜಾಗ ಖಾಲಿ ಇತ್ತು?

ಇದಕ್ಕೆ ಹೆಚ್ಚು ಹೊತ್ತು ಬೇಡ. ತಂಡದ ಡೆಪ್ತ್ ಚಾರ್ಟ್ (ಪ್ರತಿ ಜಾಗಕ್ಕೆ ಯಾರ ನಂತರ ಯಾರು ಎಂಬ ಪಟ್ಟಿ) ತೆರೆದು, ಹುಡುಗನ ಜಾಗದಲ್ಲಿ ಈಗ ಯಾರಿದ್ದಾರೆ, ಅವರ ಒಪ್ಪಂದ ಎಂದು ಮುಗಿಯುತ್ತದೆ ಎಂದು ನೋಡಿ. ಮುಂದಿರುವವನ ಒಪ್ಪಂದಕ್ಕೆ ಇನ್ನೂ ಎರಡು ವರ್ಷ ಇದ್ದರೆ ಹೊಸಬ ಬೆಂಚಿನಲ್ಲಿ ಕೂರುವುದು ಸೋಲಲ್ಲ, ಯೋಜನೆ.

ಟೇಪ್ ನೋಡುವ ಬಗೆ

ಯೂಟ್ಯೂಬ್‌ನ ಮೂರು ನಿಮಿಷದ ಹೈಲೈಟ್‌ಗಳಲ್ಲಿ ಎಲ್ಲರೂ ಸೂಪರ್‌ಸ್ಟಾರ್‌ಗಳೇ. ಅದನ್ನು ಬಿಟ್ಟು ಅವನ ಕಾಲೇಜಿನ ಮೂರು ಪೂರ್ತಿ ಪಂದ್ಯ ಹುಡುಕಿ: ಒಂದು ಬಲಾಢ್ಯ ತಂಡದ ಎದುರಿನದು, ಒಂದು ಸೋತದ್ದು, ಒಂದು ಸೀಸನ್ ಕೊನೆಯದು, ಮೈಯೆಲ್ಲ ನೋಯುವ ಹೊತ್ತಿನದು. ನೋಡುವಾಗ ಚೆಂಡಿನಿಂದ ಕಣ್ಣು ಕೀಳಬೇಕು. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತದೆ, ನೀವು ಹುಡುಗನ ಹಿಂದೆ ಓಡಿ.

ಗಾರ್ಡ್ ಒಬ್ಬನನ್ನು, ಅಂದರೆ ದಾಳಿಯ ಮುಂಸಾಲಿನಲ್ಲಿ ನಿಂತು ಎದುರಾಳಿಗಳನ್ನು ತಡೆಯುವವನನ್ನು, ನೋಡುತ್ತಿದ್ದೀರಿ ಅಂದುಕೊಳ್ಳಿ. ಚೆಂಡು ಸ್ನ್ಯಾಪ್ ಆದ (ಹಿಂದಕ್ಕೆ ಕೊಟ್ಟು ಆಟ ಶುರುವಾದ) ಕ್ಷಣ ಅವನ ಮೊದಲ ಹೆಜ್ಜೆ ಎತ್ತ ಬಿತ್ತು? ಕೈ ಎದುರಾಳಿಯ ಎದೆಗೆ ಹೋಯಿತೋ, ಭುಜದ ಹೊರಗೆ ಜಾರಿತೋ? ಮಂಡಿ ಬಗ್ಗಿಸಿ ಕುಳಿತಂತೆ ನಿಂತಿದ್ದಾನೋ, ಸೊಂಟದಿಂದ ಬಾಗಿ ಮುಗ್ಗರಿಸುತ್ತಾನೋ? ಎದುರಿನ ಇಬ್ಬರು ತಮ್ಮ ತಮ್ಮ ಜಾಗ ಅಡ್ಡ ಬದಲಿಸಿ ನುಗ್ಗುವುದುಂಟು. ಆಗ ತನ್ನವನನ್ನು ಪಕ್ಕದವನಿಗೆ ಒಪ್ಪಿಸಿ, ಬರುತ್ತಿರುವವನನ್ನು ಹಿಡಿಯುತ್ತಾನೋ, ಇಲ್ಲ ತಬ್ಬಿಬ್ಬಾಗುತ್ತಾನೋ? ಒಂದೇ ಆಟವನ್ನು ನಾಲ್ಕು ಸಲ ಹಿಂದೆ ಮುಂದೆ ಮಾಡಿ. ಆಮೇಲೆ ಕೊನೆಯ ಕ್ವಾರ್ಟರ್‌ಗೆ ಹೋಗಿ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿ. ದಣಿದಾಗ ಹುಡುಗನ ತಂತ್ರ ಏನಾಗುತ್ತದೆ ಎನ್ನುವುದು ಹೈಲೈಟ್‌ನಲ್ಲಿ ಎಂದೂ ಬರುವುದಿಲ್ಲ.

ಬೇರೆ ಜಾಗದವರಿಗೆ ಪ್ರಶ್ನೆ ಬೇರೆ. ಪಾಸ್ ಹಿಡಿಯುವ ರಿಸೀವರ್ ತನಗೆ ಚೆಂಡು ಬಾರದ ಆಟದಲ್ಲಿ ಬ್ಲಾಕ್ ಮಾಡುತ್ತಾನೋ, ಸುಮ್ಮನೆ ನಿಲ್ಲುತ್ತಾನೋ? ರಕ್ಷಣೆಯ ಕೊನೆಯ ಸಾಲಿನ ಸೇಫ್ಟಿ ಓಡುವವನನ್ನು ಅಡ್ಡಗಟ್ಟಲು ಸರಿಯಾದ ಕೋನ ಹಿಡಿಯುತ್ತಾನೋ? ಕ್ವಾರ್ಟರ್‌ಬ್ಯಾಕ್ ಮೊದಲ ದಾರಿ ಮುಚ್ಚಿದಾಗ ಎರಡನೆಯದನ್ನು ಹುಡುಕುತ್ತಾನೋ, ಕಾಲಿಗೆ ಬುದ್ಧಿ ಹೇಳುತ್ತಾನೋ?

ನೋಡಲು ಟೇಪ್ ಎಷ್ಟಿದೆ ಎನ್ನುವುದೂ ಒಂದು ಮಾಹಿತಿ. ಲ್ಯಾನ್ಸ್ ಕಾಲೇಜಿನಲ್ಲಿ ಆರಂಭಿಕರಾಗಿ ಆಡಿದ್ದು ಒಟ್ಟು 17 ಪಂದ್ಯ. 2019ರ ಸೀಸನ್‌ನಲ್ಲಿ ನಾರ್ತ್ ಡಕೋಟ ಸ್ಟೇಟ್ ಪರ 28 ಟಚ್‌ಡೌನ್ (ಅಂಕ ತರುವ) ಪಾಸ್, ಒಂದೂ ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಪಾಸ್) ಇಲ್ಲ. ಆದರೆ ಅದು ಎರಡನೇ ಹಂತದ ಕಾಲೇಜು ಸ್ಪರ್ಧೆ, ಮರುವರ್ಷ ಕೋವಿಡ್‌ನಿಂದಾಗಿ ಆಡಿದ್ದು ಒಂದೇ ಪಂದ್ಯ. ಹುಡುಗ ಕೆಟ್ಟವನೆಂದು ಇದರಿಂದ ಹೇಳಲಾಗದು. ಯಾರಿಗೂ ಅವರ ಬಗ್ಗೆ ಗಟ್ಟಿಯಾಗಿ ಹೇಳುವಷ್ಟು ಸಾಕ್ಷ್ಯ ಇರಲಿಲ್ಲ, ಅಷ್ಟೇ. ತಂಡ ಮಾತ್ರ ಸಾಕ್ಷ್ಯ ಇದ್ದವರಂತೆ ಬೆಲೆ ಕೊಟ್ಟಿತು.

ಸ್ಟಾಪ್‌ವಾಚ್‌ಗೆ ಎಷ್ಟು ಬೆಲೆ?

ಡ್ರಾಫ್ಟ್‌ಗೆ ಮುನ್ನ ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್ ಎಂಬ ದೇಹಪರೀಕ್ಷೆ ನಡೆಯುತ್ತದೆ. 40 ಗಜದ ಓಟ, ಎತ್ತರ ಜಿಗಿತ, ಉದ್ದ ಜಿಗಿತ, 225 ಪೌಂಡ್ ಅಂದರೆ ಸುಮಾರು 102 ಕಿಲೋ ಭಾರವನ್ನು ಎಷ್ಟು ಸಲ ಎತ್ತುತ್ತಾನೆ ಎಂಬ ಲೆಕ್ಕ. 2017ರಲ್ಲಿ ಜಾನ್ ರಾಸ್ 40 ಗಜವನ್ನು 4.22 ಸೆಕೆಂಡ್‌ಗೆ ಓಡಿ ಆಗಿನ ದಾಖಲೆ ಮಾಡಿದರು. ಸಿನ್ಸಿನಾಟಿ ಬೆಂಗಾಲ್ಸ್ 9ನೇ ಆಯ್ಕೆ ಕೊಟ್ಟು ಕರೆತಂದಿತು. ಮೊದಲ ಸೀಸನ್‌ನಲ್ಲಿ ಅವರು ಹಿಡಿದ ಪಾಸ್ ಸೊನ್ನೆ. ಇನ್ನೊಂದು ಕಡೆ, 5.28 ಸೆಕೆಂಡ್ ತೆಗೆದುಕೊಂಡ ಟಾಮ್ ಬ್ರೇಡಿ 2000ದಲ್ಲಿ 199ನೆಯವರಾಗಿ ಬಂದು ಏಳು ಸೂಪರ್ ಬೌಲ್ ಗೆದ್ದರು.

ಹಾಗೆಂದು ಗಡಿಯಾರವನ್ನು ಕಸದಬುಟ್ಟಿಗೆ ಹಾಕಬೇಡಿ. ಟೇಪ್‌ನಲ್ಲಿ ಕಂಡ ಅನುಮಾನವನ್ನು ತಾಳೆ ನೋಡಲು ಅದು ಬೇಕು. ಟೇಪ್‌ನಲ್ಲಿ ಕಾರ್ನರ್‌ಬ್ಯಾಕ್ (ರಿಸೀವರ್‌ಗಳನ್ನು ಕಾಯುವವನು) ಹಿಂದೆ ಬೀಳುತ್ತಿದ್ದಾನೆ, ಸಮಯವೂ ನಿಧಾನ ಅಂದರೆ ಚಿಂತಿಸಿ. ಟೇಪ್ ಚೆನ್ನಾಗಿದ್ದು ಗಡಿಯಾರ ಮಾತ್ರ ಮುನಿಸಿಕೊಂಡಿದ್ದರೆ ನಾನು ಟೇಪ್ ಕಡೆಗೇ. ಫೋರ್ಟಿನೈನರ್ಸ್‌ಗೆ ಐದನೇ ಸುತ್ತಿನಲ್ಲಿ, 180ನೆಯವರಾಗಿ ಸಿಕ್ಕ ಸೇಫ್ಟಿ ಟಲನೋವಾ ಹುಫಂಗಾ ಅಂಥವರು. 2020ರಲ್ಲಿ ತಮ್ಮ ಕಾಲೇಜು ಒಕ್ಕೂಟದ ಅತ್ಯುತ್ತಮ ಡಿಫೆನ್ಸ್ ಆಟಗಾರ ಎನಿಸಿದ್ದರು. ಓಟ ನಿಧಾನ ಎಂದು ಎಲ್ಲರೂ ಬಿಟ್ಟರು. ಎರಡನೇ ವರ್ಷ, 2022ರಲ್ಲಿ, ಇಡೀ ಲೀಗ್‌ನ ವರ್ಷದ ಅತ್ಯುತ್ತಮರ ಪಟ್ಟಿಯಾದ ಆಲ್-ಪ್ರೊದ ಮೊದಲ ತಂಡದಲ್ಲಿ ಅವರ ಹೆಸರಿತ್ತು.

ಬೇಸಿಗೆ ಶಿಬಿರ: ಯಾರ ಜೊತೆ, ಯಾರ ಎದುರು

ಮೇ, ಜೂನ್ ತಿಂಗಳ ಅಭ್ಯಾಸಗಳಲ್ಲಿ ಪ್ಯಾಡ್ ಇರುವುದಿಲ್ಲ, ಗುದ್ದಾಟವಿಲ್ಲ. ಆಗ ಬರುವ ‘ಅದ್ಭುತವಾಗಿ ಆಡುತ್ತಿದ್ದಾನೆ’ ವರದಿಗಳಿಗೆ ಕಿವಿಗೊಡಬೇಡಿ. ಜುಲೈ ಕೊನೆಗೆ ಪ್ಯಾಡ್ ತೊಟ್ಟ ಮೇಲೆ ನೋಡಬೇಕಾದ್ದು ಒಂದೇ: ಅವನು ಮೊದಲ ಸಾಲಿನವರ ಜೊತೆ ನಿಂತನೋ, ಮೂರನೇ ಸಾಲಿನವರ ಜೊತೆಯೋ? ಆಗಸ್ಟ್‌ನ ಪ್ರೀಸೀಸನ್ ಪಂದ್ಯದ ಕೊನೆಯ ಕ್ವಾರ್ಟರ್‌ನಲ್ಲಿ ಮಿಂಚಿದವನ ಎದುರಿಗಿದ್ದವರಲ್ಲಿ ಎಷ್ಟೋ ಮಂದಿ ವಾರದಲ್ಲೇ ಕೆಲಸ ಕಳೆದುಕೊಳ್ಳುವವರು. ಉಲ್ಟಾ ಕೂಡ ಆಗುತ್ತದೆ. 2021ರ ಪ್ರೀಸೀಸನ್‌ನಲ್ಲಿ ಬೆಂಗಾಲ್ಸ್‌ನ ಜಮಾರ್ ಚೇಸ್ ಸಲೀಸಾದ ಪಾಸ್‌ಗಳನ್ನು ಕೈಬಿಟ್ಟಾಗ ‘ಆಯ್ಕೆ ಕೆಟ್ಟಿತು’ ಎಂದು ಗುಲ್ಲೆದ್ದಿತು. ಸೀಸನ್ ಮುಗಿದಾಗ ಅವರ ಖಾತೆಯಲ್ಲಿ 1,455 ಗಜ, ಜೊತೆಗೆ ಆಫೆನ್ಸ್ (ದಾಳಿ) ವಿಭಾಗದ ವರ್ಷದ ಹೊಸ ಆಟಗಾರ ಪ್ರಶಸ್ತಿ.

ಆಗಸ್ಟ್ ಕೊನೆಗೆ 90 ಜನರ ಪಟ್ಟಿ 53ಕ್ಕೆ ಇಳಿಯುತ್ತದೆ. ಆರು, ಏಳನೇ ಸುತ್ತಿನ ಹುಡುಗರ ಪಾಲಿಗೆ ಈ ದಿನವೇ ಪರೀಕ್ಷೆ. ಅವರನ್ನು ಉಳಿಸುವುದು ಬಹುತೇಕ ಸ್ಪೆಷಲ್ ಟೀಮ್ಸ್, ಅಂದರೆ ಚೆಂಡು ಒದೆಯುವ ಆಟಗಳಿಗೆ ಇಳಿಯುವ ಪಡೆ. ಪಂಟ್ ಆದಾಗ, ಅಂದರೆ ಚೆಂಡನ್ನು ದೂರ ಒದ್ದಾಗ, ಮೊದಲು ಓಡಿ ಹೋಗಿ ಚೆಂಡು ಹಿಡಿದವನನ್ನು ಕೆಡವುವವನನ್ನು ಕೋಚ್ ಬಿಡುವುದಿಲ್ಲ. 53ರಲ್ಲಿ ಇಲ್ಲದಿದ್ದರೂ ಅಭ್ಯಾಸಕ್ಕೆಂದು ಉಳಿಸಿಕೊಳ್ಳುವ ಪ್ರಾಕ್ಟೀಸ್ ಸ್ಕ್ವಾಡ್‌ಗೆ ಬಂದರೆ ಬಾಗಿಲು ಮುಚ್ಚಿಲ್ಲ ಎಂದೇ ಲೆಕ್ಕ.

ಸೀಸನ್‌ನಲ್ಲಿ ಸ್ನ್ಯಾಪ್ ಎಣಿಸಿ

ಗಜ, ಟಚ್‌ಡೌನ್ ಆಮೇಲೆ. ಮೊದಲು ಎಷ್ಟು ಸ್ನ್ಯಾಪ್ ಆಡಿದ ಎಂದು ನೋಡಿ. ಪ್ರತಿ ಪಂದ್ಯದ ನಂತರ ಈ ಅಂಕಿ ಪ್ರಕಟವಾಗುತ್ತದೆ. ಮೊದಲ ವಾರ 10, ನಾಲ್ಕನೇ ವಾರ 25, ಎಂಟನೇ ವಾರ 45 ಅಂದರೆ ಕೋಚ್‌ಗೆ ನಂಬಿಕೆ ಬೆಳೆಯುತ್ತಿದೆ. ಅವರು ದಿನವೂ ನೋಡುತ್ತಾರೆ, ನಾವು ವಾರಕ್ಕೊಮ್ಮೆ.

2021ರ ಸೆಪ್ಟೆಂಬರ್ 12, ಡೆಟ್ರಾಯಿಟ್‌ನಲ್ಲಿ ಫೋರ್ಟಿನೈನರ್ಸ್‌ನ ಮೊದಲ ಪಂದ್ಯ. ಮೂರನೇ ಸುತ್ತಿನಲ್ಲಿ ಎರಡು ಆಯ್ಕೆ ಕೊಟ್ಟು ಮೇಲೇರಿ ತಂದಿದ್ದ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) ಟ್ರೇ ಸರ್ಮನ್ ಅಂದಿನ ಆಡುವವರ ಪಟ್ಟಿಯಲ್ಲೇ ಇರಲಿಲ್ಲ. ಆರಂಭಿಕ ಆಟಗಾರ ರಹೀಮ್ ಮೋಸ್ಟರ್ಟ್ ಶುರುವಿನಲ್ಲೇ ಗಾಯಗೊಂಡರು. ಚೆಂಡು ಹೋದದ್ದು ಅದೇ ಡ್ರಾಫ್ಟ್‌ನ ಆರನೇ ಸುತ್ತಿನ ಎಲೈಜಾ ಮಿಚೆಲ್ ಕೈಗೆ. 19 ಓಟ, 104 ಗಜ, ಒಂದು ಟಚ್‌ಡೌನ್. ಆ ಸೀಸನ್ ಅವರು 963 ಗಜ ಓಡಿದರು, ತಂಡದ ಹೊಸಬರಲ್ಲಿ ಅದು ದಾಖಲೆ. ಸರ್ಮನ್ ಅವರನ್ನು ಮರುವರ್ಷ ತಂಡ ಬಿಟ್ಟುಬಿಟ್ಟಿತು.

ಎಲ್ಲ ಜಾಗಗಳಿಗೂ ಒಂದೇ ಗಡುವು ಹಾಕುವುದು ಮಾತ್ರ ತಪ್ಪು. ರನ್ನಿಂಗ್ ಬ್ಯಾಕ್ ಮೊದಲ ವಾರದಿಂದಲೇ ಓಡಬಲ್ಲ. ಕಾರ್ನರ್‌ಬ್ಯಾಕ್ ಹೊಸಬ ಎಂದು ಗೊತ್ತಾದರೆ ಎದುರಾಳಿಗಳು ಅವನ ಕಡೆಗೇ ಎಸೆಯುತ್ತಾರೆ, ಏಟು ತಿನ್ನುತ್ತಲೇ ಕಲಿಯಬೇಕು. ಅದೇ ಡ್ರಾಫ್ಟ್‌ನ ಆಂಬ್ರಿ ಥಾಮಸ್ ಸೀಸನ್‌ನ ಬಹುಭಾಗ ಬೆಂಚಿನಲ್ಲಿದ್ದು, 2022ರ ಜನವರಿಯಲ್ಲಿ ಲಾಸ್ ಏಂಜಲೀಸ್ ರಾಮ್ಸ್ ಎದುರು ಓವರ್‌ಟೈಮ್‌ನಲ್ಲಿ ಇಂಟರ್‌ಸೆಪ್ಷನ್ ಮಾಡಿ ತಂಡವನ್ನು ಪ್ಲೇಆಫ್‌ಗೆ ದಾಟಿಸಿದರು. ಆದರೂ ಮರುವರ್ಷ ಜಾಗ ಉಳಿಯಲಿಲ್ಲ. ಒಂದು ದೊಡ್ಡ ಆಟ ಕಂಡು ಕುಣಿಯುವವರಿಗೆ ಇದನ್ನು ಹೇಳಬೇಕು.

ಮುಂಸಾಲಿನ ಗಾರ್ಡ್, ಟ್ಯಾಕಲ್ ಎಂಬ ಜಾಗದವರಿಗೆ ಮೈಕಟ್ಟು ಬದಲಾಗಲೇ ಒಂದು ವರ್ಷ ಬೇಕಾಗಬಹುದು. ಎರಡನೇ ಸುತ್ತಿನ ಗಾರ್ಡ್ ಆರನ್ ಬ್ಯಾಂಕ್ಸ್ ಮೊದಲ ವರ್ಷ ಆಫೆನ್ಸ್‌ನಲ್ಲಿ ಆಡಿದ್ದು ಬೆರಳೆಣಿಕೆಯ ಸ್ನ್ಯಾಪ್. ಆಗಲೇ ಅವರನ್ನು ‘ವೇಸ್ಟ್’ ಎಂದವರಿಗೆ ಲೆಕ್ಕವಿಲ್ಲ. ಎರಡನೇ ವರ್ಷದಿಂದ ಮೂರು ಸೀಸನ್ ಅವರೇ ಎಡ ಗಾರ್ಡ್. ಇನ್ನು ಕ್ವಾರ್ಟರ್‌ಬ್ಯಾಕ್ ವಿಷಯದಲ್ಲಿ ಮೊದಲ ವರ್ಷದ ಅಂಕಿ ಎತ್ತ ಬೇಕಾದರೂ ದಾರಿ ತಪ್ಪಿಸಬಹುದು. ಪೇಟನ್ ಮ್ಯಾನಿಂಗ್ 1998ರಲ್ಲಿ 28 ಇಂಟರ್‌ಸೆಪ್ಷನ್ ಎಸೆದಿದ್ದರು. ಪ್ಯಾಟ್ರಿಕ್ ಮಹೋಮ್ಸ್ 2017ರಲ್ಲಿ ಆಡಿದ್ದೇ ಒಂದು ಪಂದ್ಯ, ಮರುವರ್ಷ ಲೀಗ್‌ನ ಎಂವಿಪಿ, ಅಂದರೆ ವರ್ಷದ ಅತ್ಯಮೂಲ್ಯ ಆಟಗಾರ.

ತೀರ್ಪು ಮೂರನೇ ವರ್ಷಕ್ಕೆ

ಮೂರು ಸೀಸನ್ ಮುಗಿದ ಮೇಲೆ ತಂಡವೇ ನಿಮಗೆ ಉತ್ತರ ಕೊಡಲು ಶುರು ಮಾಡುತ್ತದೆ. ಮೊದಲ ಸುತ್ತಿನವರ ಒಪ್ಪಂದವನ್ನು ಐದನೇ ವರ್ಷಕ್ಕೂ ಚಾಚುವ ಅವಕಾಶ ತಂಡಕ್ಕಿದೆ. ಅದನ್ನು ಬಳಸುವುದೋ ಬೇಡವೋ ಎಂದು ತಂಡ ಆ ಮೇ ತಿಂಗಳಲ್ಲಿ ನಿರ್ಧರಿಸಬೇಕು. ಲ್ಯಾನ್ಸ್ ಆ ಹೊತ್ತಿಗೆ ಫೋರ್ಟಿನೈನರ್ಸ್‌ನಲ್ಲೇ ಇರಲಿಲ್ಲ. 2022ರ ಎರಡನೇ ಪಂದ್ಯದಲ್ಲಿ ಪಾದದ ಗಂಟು ಮುರಿಯಿತು, 2023ರ ಆಗಸ್ಟ್‌ನಲ್ಲಿ ಒಂದು ನಾಲ್ಕನೇ ಸುತ್ತಿನ ಆಯ್ಕೆಗೆ ಕೌಬಾಯ್ಸ್‌ಗೆ ಹೋದರು. ಗಾಯವನ್ನು ಆಟಗಾರನ ತಪ್ಪೆಂದು ಬರೆಯಬೇಡಿ, ಆದರೆ ಆಯ್ಕೆಯ ಲೆಕ್ಕದಿಂದ ಅಳಿಸಲೂ ಬೇಡಿ. ಮಿಚೆಲ್ ಕೂಡ ಗಾಯಗಳಿಂದಾಗಿಯೇ ಆ ಮೊದಲ ವರ್ಷದ ಎತ್ತರಕ್ಕೆ ಮತ್ತೆ ಏರಲಿಲ್ಲ.

ಆ ಮೂರು ಮೊದಲ ಸುತ್ತಿನ ಆಯ್ಕೆ ಕಳೆದುಕೊಂಡ ತಂಡವನ್ನು ಕಾಪಾಡಿದ್ದು 2022ರ ಡ್ರಾಫ್ಟ್‌ನ ಕಟ್ಟಕಡೆಯ, 262ನೇ ಆಯ್ಕೆಯಾದ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ. ಇದನ್ನು ತಂಡದ ಜಾಣತನ ಎನ್ನುವುದಕ್ಕಿಂತ ಅದೃಷ್ಟ ಎನ್ನುವುದೇ ಸರಿ. ಅಷ್ಟು ಒಳ್ಳೆಯವನೆಂದು ಗೊತ್ತಿದ್ದರೆ ಅವರೇ ಅಷ್ಟು ಹೊತ್ತು ಕಾಯುತ್ತಿರಲಿಲ್ಲ.

ಕೊನೆಯದಾಗಿ ನೋಡಬೇಕಾದ್ದು ಎರಡನೇ ಒಪ್ಪಂದ. ಐದನೇ ಸುತ್ತಿನ ಕಾರ್ನರ್‌ಬ್ಯಾಕ್ ಡಿಯೊಮೊಡೋರ್ ಲೆನಾರ್ ಅವರನ್ನು ಫೋರ್ಟಿನೈನರ್ಸ್ 2024ರಲ್ಲೇ ಹೊಸ ಒಪ್ಪಂದ ಬರೆದು ಉಳಿಸಿಕೊಂಡಿತು. ‘ವೇಸ್ಟ್’ ಆಗಿದ್ದ ಬ್ಯಾಂಕ್ಸ್‌ಗೆ 2025ರ ಮಾರ್ಚ್‌ನಲ್ಲಿ ಗ್ರೀನ್ ಬೇ ಪ್ಯಾಕರ್ಸ್ ನಾಲ್ಕು ವರ್ಷಕ್ಕೆ 7.7 ಕೋಟಿ ಡಾಲರ್ ಕೊಟ್ಟಿತು. 2021ರ ಮೇ ತಿಂಗಳ ಗ್ರೇಡ್‌ಗಳನ್ನು ಹುಡುಕಿ ತೆಗೆದು ಈ ಎರಡು ಹೆಸರಿನ ಮುಂದೆ ಏನು ಬರೆದಿದ್ದರು ನೋಡಿ.