ಸೀಗೆಪುಡಿಗೆ ಅಳಿಸಿಹೋದ ಗೆರೆ

ನಮ್ಮ ಬಳ್ಳಾರಿ ಕಡೆ ಕ್ಯಾನ್ಸರಿಗೆ ಕೊಡುವ ರೇಡಿಯೇಷನ್ ಅಂದರೆ ಜನಕ್ಕೆ ಬೇಗ ತಿಳಿಯುವುದಿಲ್ಲ, ‘ಕರೆಂಟ್ ಕೊಡೋದು’ ಅಂದರೆ ತಿಳಿಯುತ್ತದೆ. ಆ ಮಷೀನಿನ ಟೆಕ್ನಿಷಿಯನ್ ನಾನು. ಸಿರುಗುಪ್ಪ ಕಡೆಯ ತಾತ ಒಬ್ಬರು ಬಂದಾಗ ಮೊದಲು ಕೇಳಿದ್ದೂ ಅದೇ: “ಶಾಕ್ ಹೊಡೀತೈತೇನಪ್ಪಾ?” ಇಲ್ಲ ತಾತ, ಎಕ್ಸ್‌ರೇ ತೆಗೆಸಿಕೊಂಡಂಗೆ, ಏನೂ ಗೊತ್ತಾಗಲ್ಲ ಅಂದೆ.

ನಲವತ್ತು ವರ್ಷ ಬೀಡಿ ಸೇದಿದವರು. ಕೆಮ್ಮಿಗೆ ಎಲ್ಲೋ ತೋರಿಸಿ, ಕಫದ ಪರೀಕ್ಷೆಯೂ ಇಲ್ಲದೆ ಎರಡು ತಿಂಗಳು ಟಿಬಿ ಗುಳಿಗೆ ನುಂಗಿದ್ದರು. ಇಂಥವರು ನಮ್ಮಲ್ಲಿಗೆ ಬರುತ್ತಲೇ ಇರುತ್ತಾರೆ. ಬಯಾಪ್ಸಿ, ಸ್ಕ್ಯಾನ್ ಆಗುವ ಹೊತ್ತಿಗೆ ಶ್ವಾಸಕೋಶದ ಕ್ಯಾನ್ಸರ್ ಮೂರನೇ ಹಂತ, ಆಪರೇಷನ್ ಮಾಡುವಂತಿರಲಿಲ್ಲ. ಡಾಕ್ಟರು 60 ಗ್ರೇ ಬರೆದರು, ಗ್ರೇ ಅಂದರೆ ರೇಡಿಯೇಷನ್ ಡೋಸ್ ಅಳೆಯುವ ಅಳತೆ. ದಿನಕ್ಕೆ 2ರಂತೆ 30 ಸಲ, ಶನಿವಾರ ಭಾನುವಾರ ಬಿಟ್ಟು ಆರು ವಾರ. ಜೊತೆಗೆ ಕೀಮೋ.

ಮಷೀನ್ ಓಡುವುದು ಕೆಲವೇ ನಿಮಿಷ. ನನ್ನ ಕೆಲಸವೆಲ್ಲ ಅದಕ್ಕೂ ಮುಂಚೆ. ಮೊದಲ ದಿನ ಸಿಟಿ ಸ್ಕ್ಯಾನಿನಲ್ಲಿ ಹೇಗೆ ಮಲಗಿದ್ದರೋ ಮೂವತ್ತೂ ಸಲ ಹಾಗೇ ಮಲಗಿಸಬೇಕು. ಕೈ ಎರಡೂ ತಲೆಯ ಮೇಲೆ. ಎದೆಯ ಮೇಲಿನ ಪೆನ್ನಿನ ಗೆರೆಗೆ ಗೋಡೆಯಿಂದ ಬರುವ ಲೇಸರ್ ಗೆರೆ ಕೂಡಬೇಕು. ಅಷ್ಟಾದರೂ ಶ್ವಾಸಕೋಶದ ಗಡ್ಡೆ ಸುಮ್ನೆ ಇರಲ್ಲ, ಉಸಿರಿನ ಜೊತೆ ಆಡುತ್ತಿರುತ್ತದೆ. ಕೆಳಭಾಗದ್ದಾದರೆ ಇನ್ನೂ ಜಾಸ್ತಿ. ಅದಕ್ಕೇ ಸುತ್ತಲೂ ಒಂದಿಷ್ಟು ಜಾಗ ಸೇರಿಸಿ ಕೊಡುತ್ತೇವೆ. ಹೆಚ್ಚು ಸೇರಿಸಿದರೆ ಒಳ್ಳೆಯ ಶ್ವಾಸಕೋಶಕ್ಕೆ ಪೆಟ್ಟು, ಕಮ್ಮಿಯಾದರೆ ಗಡ್ಡೆ ತಪ್ಪಿಸಿಕೊಳ್ಳುತ್ತದೆ.

“ಗೆರೆ ಮೇಲೆ ಸೋಪು ಹಚ್ಚಬೇಡಿ” ಅಂತ ಹೇಳಿ ಕಳಿಸಿದ್ದೆ. ಯುಗಾದಿ ಮುಗಿಸಿ ಬಂದವರು ಅಂಗಿ ಬಿಚ್ಚಿದರೆ ಎದೆ ತೊಳೆದಿಟ್ಟ ಹಿತ್ತಾಳೆ ಚೊಂಬು! ಒಂದು ಗೆರೆಯೂ ಇಲ್ಲ. “ಸೋಪು ಮುಟ್ಟಿಲ್ಲಪ್ಪಾ, ಎಣ್ಣಿ ಹಚ್ಚಿಕೊಂಡು ಸೀಗೆಪುಡೀಲೆ ತೊಳಕೊಂಡೀನಿ.” ಏನು ಹೇಳೋದು? ಎಣ್ಣೆ, ಸೀಗೆಪುಡಿ ಬೇಡ ಅಂತ ನಾನೂ ಹೇಳಿರಲಿಲ್ಲ.

ಅವತ್ತು ಕರೆಂಟ್ ಕೊಡಲಿಲ್ಲ. ಮತ್ತೆ ಸಿಟಿ, ಮತ್ತೆ ಗುರುತು. ಈ ಸಲ ಡಾಕ್ಟರನ್ನು ಕೇಳಿ ಸೂಜಿಯಿಂದ ಮೂರು ಹಚ್ಚೆ ಚುಕ್ಕೆ ಹಾಕಿದೆ, ಸಾಸಿವೆಗಿಂತ ಸಣ್ಣವು. “ನಮ್ಮ ಮುದುಕಿ ಮುಂಗೈ ತುಂಬ ಹಚ್ಚಿ ಹಾಕಿಸ್ಕೊಂಡಾಳ, ನಂದು ಮೂರೇ ಚುಕ್ಕಿ?” ಅಂತ ನಕ್ಕರು. ಹಬ್ಬ ಇರಲಿ ಬಿಡಲಿ, ಇಲ್ಲಿಯ ಬೇಸಿಗೆ ಬೆವರಿಗೇ ಪೆನ್ನಿನ ಗೆರೆ ನಿಲ್ಲಲ್ಲ. ಆಮೇಲಿಂದ ಎದೆಗೆ ಕರೆಂಟ್ ಅಂದರೆ ಮೊದಲೇ ಚುಕ್ಕೆಗೆ ಕೇಳಿಬಿಡುತ್ತೇನೆ.

ಮೂರನೇ ವಾರಕ್ಕೆ ನುಂಗುವಾಗ ಉರಿ ಶುರುವಾಯಿತು. ಅನ್ನನಾಳ ಪಕ್ಕದಲ್ಲೇ ಇದೆ ಅಲ್ವಾ. ರೊಟ್ಟಿ, ಮಿರ್ಚಿ ಬಂದ್, ಗಂಜಿ ಮೊಸರನ್ನ ಶುರು. ತೂಕ ಇಳಿಯುತ್ತಾ ಅಂತ ವಾರವಾರ ನೋಡಿದೆವು.

ಕೊನೆಯ ದಿನ ಮಗನನ್ನು ಕೂರಿಸಿ ಹೇಳಿದೆ: ಆರು ತಿಂಗಳೊಳಗೆ ಒಣಕೆಮ್ಮು, ದಮ್ಮು ಬಂದರೆ ಊರಲ್ಲಿ ಕೆಮ್ಮಿನ ಔಷಧಿ ಕುಡಿಸ್ತಾ ಕೂರಬೇಡಪ್ಪಾ, ಸೀದಾ ಇಲ್ಲಿಗೆ ಬಾ. ಎರಡೂವರೆ ತಿಂಗಳಿಗೆ ಬಂದರು. ಕರೆಂಟಿನಿಂದಲೇ ಶ್ವಾಸಕೋಶಕ್ಕೆ ಬಾವು ಬಂದಿತ್ತು. ಡಾಕ್ಟರು ಸ್ಟೀರಾಯ್ಡ್ ಗುಳಿಗೆ ಶುರು ಮಾಡಿದರು. ತಾತ ಚೀಟಿ ಹಿಡಿದು ಹೊರಗೆ ಬಂದು ನನ್ನನ್ನೇ ಕೇಳಿದರು: “ಇದು ಟಿಬಿ ಗುಳಿಗಿ ಅಲ್ಲ ಹೌದಿಲ್ಲೋ?”