ಮರುಭೂಮಿಯ ಯಾವ ಬೆಟ್ಟ ಪಟ್ಟಿಗೆ, ಯಾವುದು ಹೊರಗೆ

ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಮರುಭೂಮಿಯ ಬೆಟ್ಟ ಹತ್ತುವವರಿಗೆ ಅಮೆರಿಕದ ಪರಿಸರ ಮತ್ತು ಚಾರಣ ಸಂಸ್ಥೆ ಸಿಯೆರಾ ಕ್ಲಬ್ಬಿನ ಡೆಸರ್ಟ್ ಪೀಕ್ಸ್ ಸೆಕ್ಷನ್ನಿನ ಪಟ್ಟಿಯೇ ಪಂಚಾಂಗ. 1941ರಲ್ಲಿ ಚೆಸ್ಟರ್ ವರ್ಸ್ಟೀಗ್ ಕಟ್ಟಿದ ವಿಭಾಗ ಅದು. ಶಿಖರಗಳು ನೂರರ ಆಸುಪಾಸು. ನಮ್ಮ ಸಣ್ಣ ಚಾರಣ ಗುಂಪು ಅದನ್ನು ನೋಡಿಕೊಂಡೇ ತನ್ನದೊಂದು ಪಟ್ಟಿ ಮಾಡಿಕೊಂಡಿದೆ.

ಬರೀ ಎತ್ತರ ನೋಡಿ ಸೇರಿಸುವುದಿಲ್ಲ. ಡೆತ್ ವ್ಯಾಲಿ ಕಣಿವೆಯ ಟೆಲಿಸ್ಕೋಪ್ ಪೀಕ್ 3,366 ಮೀಟರ್, ಅದರ ಬುಡದ ಉಪ್ಪುನೆಲ ಬ್ಯಾಡ್‌ವಾಟರ್ ಸಮುದ್ರಮಟ್ಟಕ್ಕಿಂತ 86 ಮೀಟರ್ ತಗ್ಗು. ಅದಕ್ಕೆ ಯಾರ ಶಿಫಾರಸೂ ಬೇಡ. ಟರ್ಟಲ್ ಪರ್ವತಸಾಲಿನ ಮೋಪಾ ಬರೀ 1,076 ಮೀಟರ್. ಆದರೆ ಹಳೆಯ ಜ್ವಾಲಾಮುಖಿಯ ಈ ಕಲ್ಲುಗೂಟವನ್ನು ಕೈಯೂರದೆ ಏರಲಾಗದು. ನಮ್ಮ ಪಟ್ಟಿಗೆ ಇಂಥ ಎರಡೂ ಬಗೆಯ ಬೆಟ್ಟ ಬೇಕು.

ಮೊದಲ ಲೆಕ್ಕ, ಬೆಟ್ಟ ಪಕ್ಕದ ದೊಡ್ಡ ಬೆಟ್ಟದಿಂದ ಎಷ್ಟು ಬಿಡಿಯಾಗಿ ನಿಂತಿದೆ ಎಂಬುದು. ತುದಿಯಿಂದ ನಡುವಿನ ತಗ್ಗಿಗೆ, ಅಂದರೆ ಸ್ಯಾಡಲ್ಲಿಗೆ, ಕನಿಷ್ಠ 500 ಅಡಿ ಇಳಿಜಾರು ಇರಬೇಕು. ಪೇಚಾಟ ಇಲ್ಲೇ. 1:24,000 ನಕ್ಷೆಯಲ್ಲಿ ಎತ್ತರದ ಗೆರೆಗಳು ಸಾಮಾನ್ಯವಾಗಿ 40 ಅಡಿಗೊಂದು. ತುದಿ 5,320ರ ಗೆರೆಯ ಒಳಗೆ, ಸ್ಯಾಡಲ್ 4,800 ಮತ್ತು 4,840ರ ನಡುವೆ ಅಂದರೆ ಉತ್ತರ 480ರಿಂದ 560ರವರೆಗೆ ಏನೂ ಆಗಬಹುದು. ಅಂಥದ್ದನ್ನು ಸ್ಥಳಕ್ಕೆ ಹೋಗಿ ಅಳೆಯದೆ ಸದಸ್ಯರ ಮತಕ್ಕೆ ಹಾಕುವುದಿಲ್ಲ.

ಒಂದೇ ಬೆಟ್ಟಕ್ಕೆ ಎರಡು ತುದಿಯಿದ್ದರೆ ಯಾವುದು ಎತ್ತರ? ಕೈಲಿರುವ ಜಿಪಿಎಸ್ ಕೆಲವು ಮೀಟರ್ ಆಚೀಚೆ ಹೇಳುತ್ತದೆ, ನಂಬಬೇಡಿ. ಹ್ಯಾಂಡ್ ಲೆವೆಲ್ (ಸಮಮಟ್ಟ ನೋಡುವ ಸಣ್ಣ ಕೊಳವೆ) ಕಣ್ಣಿಗೆ ಹಿಡಿದು ಗುಳ್ಳೆಯನ್ನು ಅಡ್ಡಗೆರೆಗೆ ತನ್ನಿ. ಎದುರಿನ ತುದಿ ಗೆರೆಗಿಂತ ಮೇಲೆ ಕಂಡರೆ ಅದು ನಿಮ್ಮ ಕಣ್ಣಿಗಿಂತ ಎತ್ತರ. ಕಣ್ಣು ಪಾದಕ್ಕಿಂತ ಒಂದೂವರೆ ಮೀಟರ್ ಮೇಲಿದೆ ಎಂಬುದನ್ನು ಮರೆತು ತಪ್ಪು ತೀರ್ಪು ಕೊಡುವವರೇ ಜಾಸ್ತಿ. ಆಮೇಲೆ ಅಲ್ಲಿಗೆ ಹೋಗಿ ಇತ್ತ ನೋಡಿ. ಎರಡು ಉತ್ತರ ಹೊಂದದಿದ್ದರೆ ಲೆವೆಲ್ಲೇ ಕೆಟ್ಟಿದೆ.

ಪಟ್ಟಿ ಹಳಸುವುದು ಮಾತ್ರ ದಾರಿಯಿಂದ. ನೆಲ ಯಾರದ್ದು ಎಂದು ಸರಕಾರಿ ನೆಲ ನೋಡಿಕೊಳ್ಳುವ ಕೇಂದ್ರ ಇಲಾಖೆಯಾದ ಬಿಎಲ್‌ಎಂ ನಕ್ಷೆ, ಕೌಂಟಿಯ ಜಮೀನು ನಕ್ಷೆ ಎರಡರಲ್ಲೂ ನೋಡುತ್ತೇವೆ. ಗಣಿಯ ಖಾಸಗಿ ತುಂಡುಗಳು ಒಂದರಲ್ಲಿ ತಪ್ಪಿಹೋಗುತ್ತವೆ. ಚೀನಾ ಲೇಕ್ ನೌಕಾನೆಲೆಯೊಳಗಿನ ಬೆಟ್ಟಕ್ಕೆ ಮನಬಂದಾಗ ಹೋಗಲಾಗದು. ಅರಿಜೋನಾದ ಬಾಬೊಕಿವಾರಿ ಟೊಹೊನೊ ಓಡಮ್ ಜನರ ಪವಿತ್ರ ಶಿಖರ. ಪಶ್ಚಿಮದಿಂದ ಹತ್ತಲು ಅವರ ಅನುಮತಿ ಬೇಕು. 2023ರ ಆಗಸ್ಟಿನಲ್ಲಿ ಹಿಲರಿ ಚಂಡಮಾರುತದ ಮಳೆ ಡೆತ್ ವ್ಯಾಲಿಯ ರಸ್ತೆಗಳನ್ನೇ ಕೊಚ್ಚಿಹಾಕಿತು. ಹಾಗಾಗಿ ಒಂದೇ ಮಣ್ಣುರಸ್ತೆಯನ್ನು ನೆಚ್ಚಿಕೊಂಡ ಬೆಟ್ಟ ನಮಗೆ ಬೇಡ. ಸದಸ್ಯರಲ್ಲಿ ಕೆಲವರಿಗೆ ಇದು ಅತಿ ಅನ್ನಿಸುತ್ತದೆ, ಇರಲಿ.

ಪ್ರಸ್ತಾಪಕ್ಕೆ ಮೊದಲು ಇಬ್ಬರು ಬೇರೆಬೇರೆ ದಿನ, ಒಬ್ಬರ ಟಿಪ್ಪಣಿ ಇನ್ನೊಬ್ಬರು ಓದದೆ ಹತ್ತಿಬರಬೇಕು. ಗಾಡಿ ನಿಲ್ಲಿಸಿದ ಜಾಗ, ಸಮಯ, ಕುಡಿದ ನೀರು (ಚಳಿಗಾಲದಲ್ಲೂ ತಲೆಗೆ 4 ಲೀಟರ್ ಒಯ್ಯಬೇಕು), ಅತಿ ಸುಲಭ ದಾರಿಯ ಅತಿ ಕಷ್ಟದ ಹೆಜ್ಜೆ, ಎಲ್ಲ ಬರೆಯಬೇಕು. ಕಷ್ಟದ ದರ್ಜೆಯನ್ನು ಇಳಿದ ಮೇಲೆ ಬರೆಯಿರಿ. ಹತ್ತುವಾಗ ಮೂರನೆಯ ದರ್ಜೆ (ಕೈಯೂರಿ ಏರುವಂಥದ್ದು) ಅನ್ನಿಸಿದ ಕಲ್ಲು ಇಳಿಯುವಾಗ ನಾಲ್ಕನೆಯದಾಗುತ್ತದೆ (ಹಗ್ಗ ಬೇಕೆನ್ನಿಸುವಂಥದ್ದು). ಚೋಯಾ ಕಳ್ಳಿಯ ಮುಳ್ಳುಂಡೆ ಕಾಲಿಗೆ ಕಚ್ಚಿಕೊಂಡರೆ ಬೆರಳು ಹಾಕಬಾರದು, ಬಾಚಣಿಗೆಯಿಂದ ಚಿಮ್ಮಿಸಬೇಕು. ಹಾಗಾಗಿ ಸಾಮಾನಿನ ಪಟ್ಟಿಯಲ್ಲಿ ಬಾಚಣಿಗೆಯೂ ಇದೆ.

ದಾರಿ ಮುಚ್ಚಿದ ಶಿಖರವನ್ನು ಅಳಿಸುವುದಿಲ್ಲ, ‘ತಡೆ’ ಎಂದು ಗುರುತಿಡುತ್ತೇವೆ. ಮೊದಲೇ ಹತ್ತಿದವರ ಲೆಕ್ಕ ಕೆಡಬಾರದಲ್ಲ. ಎರಡು ಚಳಿಗಾಲ ಕಳೆದರೂ ತೆರೆಯದಿದ್ದರೆ ಮತ್ತೆ ಮತಕ್ಕೆ.